ಮಹಡಿಯ ಕೋಣೆ ಮತ್ತು ಮೈಸೂರು ಪೇಟ

ವಡೋದರಾದ ಸಹ್ಯಾದ್ರಿ ಕನ್ನಡ ಬಳಗದ ಸಭಾಭವನಕ್ಕೆ ಹೋದರೆ ಎಡಗಡೆಯ ಗೋಡೆಯಲ್ಲಿ ಒಂದು ಫೋಟೊ ತೂಗುಹಾಕಿದ್ದಾರೆ. ಅರವತ್ತರ ಆಸುಪಾಸಿನ ಹೆಂಗಸು. ಹೆಗಲ ಮೇಲೆ ಶಾಲು, ಕೊರಳಲ್ಲಿ ಗಂಧದ ಹಾರ, ತಲೆಯ ಮೇಲೆ ಮೈಸೂರು ಪೇಟ. ಪೇಟ ದೊಡ್ಡದಾಗಿ ಹುಬ್ಬಿನವರೆಗೆ ಜಾರಿದೆ. ಕೆಳಗೆ ಬರೆದಿದ್ದಾರೆ: ‘ನೆರೆಯಲ್ಲಿ ಏಕಾಂಗಿಯಾಗಿ ನೂರಾರು ಜೀವ ಉಳಿಸಿದ ವೀರ ಕನ್ನಡತಿ.’ ಫಲಕ ಹಿಡಿದ ಆಕೆಯ ಬೆರಳುಗಳನ್ನು ಹತ್ತಿರ ಹೋಗಿ ನೋಡಿ. ಉಗುರಿನ ಸಂದಿಯಲ್ಲಿ ಜೋಳದ ಹಿಟ್ಟು ಇದೆ. ಇಡೀ ಫೋಟೊದಲ್ಲಿ ನಿಜವಾದದ್ದು ಆ ಹಿಟ್ಟು ಒಂದೇ.

ಆಕೆಯ ಹೆಸರು ಗಿರಿಜಮ್ಮ. ಗದಗಿನ ಕಡೆಯವಳು. ಗಂಡ ಚನ್ನಬಸಪ್ಪ ರೈಲ್ವೆ ವರ್ಕ್‌ಶಾಪಿನಲ್ಲಿ ಖಲಾಸಿ. ಮದುವೆಯಾದ ಹೊಸತರಲ್ಲಿ “ಎರಡ ವರ್ಷ ತಡಿ, ಹುಬ್ಬಳ್ಳಿಗೆ ಬದ್ಲಿ ತಗೋತೇನಿ” ಎಂದು ಹೇಳಿ ಕರೆತಂದವನು, ಬದಲಿಯ ಅರ್ಜಿ ಹಾಕುತ್ತ ಹಾಕುತ್ತಲೇ ಕಾಮಾಲೆಯಾಗಿ ಹೋಗಿಬಿಟ್ಟ. ರೈಲ್ವೆ ಕ್ವಾರ್ಟರ್ಸ್ ಖಾಲಿ ಮಾಡಬೇಕಾಯಿತು. ಬಂದ ಹಣದಲ್ಲಿ ಮಗಳನ್ನು ವಿಜಯಪುರಕ್ಕೆ ಕೊಟ್ಟು ಮದುವೆ ಮಾಡಿ, ಉಳಿದದ್ದರಲ್ಲಿ ವಿಶ್ವಾಮಿತ್ರಿ ಹೊಳೆಗೆ ಬೆನ್ನು ಹಾಕಿ ಕೂತ ಸಾಲುಮನೆಗಳ ಒಂದು ಚಾಲಿಯಲ್ಲಿ ಒಂಟಿ ಕೋಣೆಯ ಮನೆ ಕೊಂಡಳು. ಚಾಲಿಯ ಹೆಸರು ಬರೆಯುವುದಿಲ್ಲ. ಅಲ್ಲಿಯವರು ಇನ್ನೂ ಅಲ್ಲೇ ಬದುಕಬೇಕು.

ಗಂಡನ ಪಿಂಚಣಿಯ ಜೊತೆಗೆ ರೊಟ್ಟಿ ಬಡಿದು ಬದುಕಿದಳು. ಬ್ಯಾಂಕು, ವಿಮೆ, ರೈಲ್ವೆ ಎಂದು ನಮ್ಮ ಕಡೆಯಿಂದ ಬಂದವರು ಈ ಊರಲ್ಲಿ ಇದ್ದಾರಲ್ಲ, ಅವರ ಮನೆಗಳಿಗೆಲ್ಲ ಜೋಳದ ರೊಟ್ಟಿ ಈಕೆಯದೇ. ಬಹಳ ಜನರ ಫೋನಿನಲ್ಲಿ ಆಕೆಯ ನಂಬರು ‘ರೊಟ್ಟಿ’ ಎಂಬ ಹೆಸರಲ್ಲೇ ಇದೆ. ಬಳಗದ ಯುಗಾದಿ, ರಾಜ್ಯೋತ್ಸವ, ಬಸವ ಜಯಂತಿ, ಯಾವುದೇ ಇರಲಿ, ಭವನದ ಹಿಂಬಾಗಿಲಿನಿಂದ ಬಂದು, ಅಡುಗೆಮನೆಯಲ್ಲಿ ಕೂತು, ರೊಟ್ಟಿ ಬಡಿದು, ಹಿಂಬಾಗಿಲಿನಿಂದಲೇ ಹೋಗುತ್ತಿದ್ದಳು. ಇಷ್ಟು ವರ್ಷದಲ್ಲಿ ಒಂದು ಸಲವೂ ಆಕೆ ಕಾರ್ಯಕ್ರಮ ನೋಡಿರಲಿಲ್ಲ. ನೋಡಮ್ಮ ಬಾ ಎಂದು ಯಾರೂ ಕರೆದಿರಲೂ ಇಲ್ಲ.

ಇನ್ನು ನೆರೆಯ ವಿಷಯ. ಆ ವರ್ಷ ಗೋಕುಲಾಷ್ಟಮಿಯ ಹೊತ್ತಿಗೆ ಹೊಳೆ ಏರಿತು. ಮೊದಲು ಚರಂಡಿಯಿಂದ, ಆಮೇಲೆ ಹಿತ್ತಿಲಿನಿಂದ, ಕೊನೆಗೆ ಎಲ್ಲ ಕಡೆಯಿಂದಲೂ ನೀರು. ಆ ಚಾಲಿಯಲ್ಲಿ ಮಹಡಿ ಎಂದು ಇರುವುದು ಒಂದೇ ಕೋಣೆ. ಅದರ ಮಾಲೀಕ ಮಹೇಂದ್ರಭಾಯಿ, ಸಿಮೆಂಟ್ ಅಂಗಡಿಯವನು, ಇರುವುದು ಊರಿನ ಇನ್ನೊಂದು ಕಡೆ. ಕೋಣೆಗೆ ಬೀಗ. ಅರೆಯುವ ಕಲ್ಲಿನಿಂದ ಬೀಗ ಒಡೆದವಳು ಜಶೀಬೆನ್. ಗಿರಿಜಮ್ಮನ ಪಕ್ಕದ ಮನೆಯವಳು, ಚಣಿಯಾ ಹೊಲಿಯುವವಳು. ಚಣಿಯಾ ಎಂದರೆ ನವರಾತ್ರಿಯ ಗರ್ಬಾಕ್ಕೆ ಹುಡುಗಿಯರು ತೊಡುವ ತುಂಬು ನೆರಿಗೆಯ ಲಂಗ. ಬೀಗ ಒಡೆದ ಮೇಲೆ ಅವಳು ಸುಮ್ಮನೆ ಮೇಲೆ ಹತ್ತಿ ಕೂರಲಿಲ್ಲ. ಹಗ್ಗದ ಒಂದು ತುದಿಯನ್ನು ಮಹಡಿಯ ಕಿಟಕಿಗೆ, ಇನ್ನೊಂದನ್ನು ಓಣಿಯ ಬೇವಿನ ಮರಕ್ಕೆ ಕಟ್ಟಿ, ಕುತ್ತಿಗೆಮಟ್ಟದ ನೀರಿಗಿಳಿದು, ಮುದುಕರನ್ನೂ ಕೂಸುಗಳನ್ನೂ ಒಬ್ಬೊಬ್ಬರಾಗಿ ಕರೆತಂದಳು. ವಿಶ್ವಾಮಿತ್ರಿಯಲ್ಲಿ ಮೊಸಳೆಗಳಿವೆ ಎಂದು ಈ ಊರಿನವರಿಗೆ ಯಾರೂ ಹೇಳಿಕೊಡಬೇಕಿಲ್ಲ.

ಆಗ ನಮ್ಮ ವೀರ ಕನ್ನಡತಿ ಏನು ಮಾಡುತ್ತಿದ್ದಳು? ಕಿಟಕಿಯಲ್ಲಿ ನಿಂತು ಗದಗಿನ ಕನ್ನಡದಲ್ಲಿ ಜಶೀಬೆನ್‌ಗೆ ಬಯ್ಯುತ್ತಿದ್ದಳು. “ಏ ಹುಚ್ಚಿ, ಮ್ಯಾಲ ಬಾರಲೇ! ಮೊಸಳಿ ಬಾಯಿಗೆ ಹೋಗಾಕಿ ಏನ? ನಿನ್ನ ಹೆಣ ನಾ ಎಲ್ಲಿ ಹುಡುಕ್ಲಿ?” ಜೊತೆಗೆ ಮೇಲೆ ಬಂದವರ ತಲೆ ಒರೆಸುತ್ತಿದ್ದಳು, ಒಲೆ ಹೊತ್ತಿಸುತ್ತಿದ್ದಳು. ಅದೂ ಸಣ್ಣ ಕೆಲಸವಲ್ಲ. ಆದರೆ ಅದು ಬೇರೆ ಕೆಲಸ.

ನೀರು ಇಳಿದ ಮೇಲೆ ಟ್ರಕ್ಕುಗಳು ಬಂದವು. ಬರಲೇಬೇಕಲ್ಲ. ಬಿಸ್ಕತ್ತು, ನೀರಿನ ಬಾಟಲಿ, ತಾಡಪಾಲು, ಬ್ಯಾನರು, ಕ್ಯಾಮೆರಾ. ಕೊಡುವವರು ಎದುರಿಗೆ ಸಿಕ್ಕ ಒಬ್ಬರನ್ನು ಹಿಡಿದು, ಕೈಗೊಂದು ಸಾಮಾನು ತುರುಕಿ, ಫೋಟೊ ತೆಗೆದು ಹೊರಡುತ್ತಿದ್ದರು. ಒಂದು ತಾಡಪಾಲು ಹೀಗೆ ಜಶೀಬೆನ್ ಕೈಗೆ ಬಂತು. ಎದುರು ಮನೆಯ ರುಕೈಯಾಳ ಸೂರು ಪೂರ್ತಿ ಹಾರಿಹೋಗಿತ್ತು. ‘ನಿನ್ನ ಮನೆಗೆ ಸೂರಿದೆ, ನಿನಗ್ಯಾಕೆ?’ ‘ನನಗೆ ಕೊಟ್ಟರು, ನಾನೇನು ಕೇಳಿದೆನಾ?’ ರುಕೈಯಾಳ ಅತ್ತೆಯನ್ನು ನೀರಿನಲ್ಲಿ ಹೆಗಲ ಮೇಲೆ ಹೊತ್ತು ತಂದವಳು ಜಶೀಬೆನ್. ಮೊಸಳೆಯ ಹೊಳೆ ಒಡೆಯಲಾಗದ ಸ್ನೇಹವನ್ನು ಒಂದು ಪ್ಲಾಸ್ಟಿಕ್ ಹಾಳೆ ಒಡೆಯಿತು. ಕೊಟ್ಟವರು ಆಗಲೇ ಇನ್ನೊಂದು ಓಣಿಯಲ್ಲಿ ಫೋಟೊ ತೆಗೆಸಿಕೊಳ್ಳುತ್ತಿದ್ದರು.

ಅವರಿಬ್ಬರನ್ನೂ ಬೇವಿನ ಕಟ್ಟೆಗೆ ಕರೆದು ಕೂರಿಸಿದವಳು ಗಿರಿಜಮ್ಮ. ಅಲ್ಲಿ ಹುಟ್ಟಿದ್ದು ಒಂದು ಕಟ್ಟಳೆ. ಕೊಡುವವರ ಹತ್ತಿರ ಯಾರೂ ಒಬ್ಬರೇ ಹೋಗಬಾರದು. ಮೂವರು ಹೋಗಬೇಕು. ಬಂದದ್ದನ್ನು ಮನೆಗೆ ಒಯ್ಯಬಾರದು, ಕಟ್ಟೆಯ ಮೇಲಿಟ್ಟು ಓಣಿಯ ಎದುರಿಗೆ ಬಿಚ್ಚಬೇಕು. ಹಂಚಲು ಬಂದರೆ ಹಂಚುವುದು. ಹಂಚಲು ಬಾರದ್ದಾದರೆ ಮಹಡಿಯ ಕೋಣೆಗೆ, ಎಲ್ಲರದೆಂದು. ಎಲ್ಲರದ್ದೂ ಆಗಲಾರದ ವಸ್ತುವನ್ನು ವಾಪಸ್ ಕೊಡುವುದು. ಯಾವುದೋ ಕಂಪನಿಯವರು ‘ಕೇರಿಯ ನಾಯಕಿ’ಗೆಂದು ತಂದ ಗಾಜಿನ ಚೌಕಟ್ಟಿನ ಪ್ರಶಸ್ತಿಪತ್ರವನ್ನು ಈ ಹೆಂಗಸರು ನಯವಾಗಿ ಹಿಂದಿರುಗಿಸಿದ್ದರು. “ಇದನ್ನು ಕುಕ್ಕರಿನಲ್ಲಿ ಬೇಯಿಸಿದರೂ ಎಲ್ಲರಿಗೂ ಸಾಲೋದಿಲ್ಲ, ಭಾಯಿ” ಎಂದಿದ್ದಳಂತೆ ರುಕೈಯಾ.

ಟ್ರಕ್ಕುಗಳು ನಿಂತವು. ಟ್ರಕ್ಕು ನಿಂತ ಮೇಲೆ ಶುರುವಾಗುವುದನ್ನು ನೋಡಲು ಯಾರೂ ಬರುವುದಿಲ್ಲ. ಗೋಡೆಯ ಹಸಿ ಆರಲು ತಿಂಗಳುಗಳೇ ಬೇಕು. ಮಕ್ಕಳ ಎದೆಯಲ್ಲಿ ಗೊರಗೊರ. ಹೊಲಿಗೆ ಮಷೀನುಗಳು ಕೆಸರು ತಿಂದು ತುಕ್ಕು ಹಿಡಿದವು. ನವರಾತ್ರಿಗೆಂದು ಮನೆಮನೆಯಲ್ಲಿ ತಂದಿಟ್ಟುಕೊಂಡಿದ್ದ ವ್ಯಾಪಾರಿಯ ಬಟ್ಟೆ ಹೊಳೆಯ ಪಾಲಾಗಿತ್ತು. ವ್ಯಾಪಾರಿ ಕಡ್ಡಿ ಮುರಿದಂತೆ ಹೇಳಿದ: “ನೀರು ಬಾರದ ಜಾಗ ತೋರಿಸಿ, ಆಮೇಲೆ ಬಟ್ಟೆ.”

ನೀರು ಬಾರದ ಜಾಗ ಒಂದೇ, ಮಹಡಿಯ ಕೋಣೆ. ಅದನ್ನೇ ಬಾಡಿಗೆಗೆ ಹಿಡಿದರು. ಒಡೆದ ಬೀಗದ ಬದಲು ಹೊಸ ಬೀಗ ತಂದುಕೊಟ್ಟ ಮೇಲೆ ಮಹೇಂದ್ರಭಾಯಿ ಒಪ್ಪಿದ. ಪ್ರತಿ ಮನೆಯಿಂದ ವಾರಕ್ಕಿಷ್ಟು ಎಂದು ಬಾಡಿಗೆ ಕೂಡಿಸುವುದು. ಹಿಟ್ಟಿನ ಗಿರಣಿಯ ಕಾಂತಿಕಾಕಾ ತನ್ನ ಮೀಟರಿನಿಂದ ಒಂದು ವಯರು ಎಳೆದುಕೊಟ್ಟ. ಹಳೆಯ ಮಷೀನುಗಳನ್ನು ತಂದು ಕೂರಿಸಿ, ಪಾಳಿಯ ಮೇಲೆ ಹೊಲಿಯತೊಡಗಿದರು. ಬೆಳಿಗ್ಗೆ ಒಂದು ಗುಂಪು, ಮಧ್ಯಾಹ್ನ ಒಂದು ಗುಂಪು. ಮೂಲೆಯಲ್ಲಿ ಹಗ್ಗ, ಲಾರಿ ಟಯರಿನ ಟ್ಯೂಬುಗಳು, ದೊಡ್ಡ ಪಾತೆಲಿ, ಮುಂದಿನ ಮಳೆಗೆ ಸಿದ್ಧ. ಮರುವರ್ಷದ ನವರಾತ್ರಿಗೆ ವ್ಯಾಪಾರಿ ಬಟ್ಟೆ ಕೊಟ್ಟ. ಯಾವ ಸರ್ಕಾರಿ ಕಡತದಲ್ಲೂ ಹೆಸರಿಲ್ಲದ ಈ ಹೆಂಗಸರ ಗುಂಪು ನೆರೆಯಿಂದ ಎದ್ದು ಕೂರತೊಡಗಿತ್ತು.

ನವರಾತ್ರಿ ಮುಗಿದರೆ ಹೊಲಿಗೆ ಕಡಿಮೆ. ಮುಂದಿನ ಕೈಯಾಡದ ತಿಂಗಳುಗಳಲ್ಲಿ ಬಾಡಿಗೆ ಕಟ್ಟುವುದು ಹೇಗೆ ಎಂಬ ಚಿಂತೆ ಹತ್ತಿತು. ಒಂದೆರಡು ವರ್ಷ ಯಾರಾದರೂ ಕೋಣೆಯ ಬಾಡಿಗೆ ಹೊತ್ತರೆ ಸಾಕು, ಆಮೇಲೆ ನಾವೇ ನೋಡಿಕೊಳ್ಳುತ್ತೇವೆ ಎಂದು ಕಟ್ಟೆಯ ಮೇಲೆ ಮಾತಾಯಿತು. ಯಾರನ್ನು ಕೇಳುವುದು?

“ನಮ್ಮವ್ರದಾರ” ಎಂದಳು ಗಿರಿಜಮ್ಮ. “ನಮ್ಮ ಕನ್ನಡ ಮಂದಿ. ದೊಡ್ಡ ಭವನ ಕಟ್ಯಾರ. ಕೇಳಿದ್ರ ಇಲ್ಲ ಅನ್ನಾಂಗಿಲ್ಲ.”

ಹೀಗೆ ನಂಬಿದ್ದು ಆಕೆಯ ತಪ್ಪೇ? ಪರವೂರಿನಲ್ಲಿ ಬದುಕಿದವರಿಗೆ ‘ನಮ್ಮವರು’ ಎಂಬ ಮಾತಿನ ರುಚಿ ಗೊತ್ತು.

ಕಟ್ಟಳೆಯಂತೆ ಗಿರಿಜಮ್ಮ, ಜಶೀಬೆನ್, ರುಕೈಯಾ ಮೂವರೂ ಹೋದರು. ಬಳಗದ ಅಧ್ಯಕ್ಷರು ಸುಬ್ರಹ್ಮಣ್ಯ, ಬ್ಯಾಂಕಿನಲ್ಲಿ ದೊಡ್ಡ ಅಧಿಕಾರಿಯಾಗಿ ನಿವೃತ್ತರಾದವರು, ಮೈಸೂರಿನ ಕಡೆಯ ಮೃದು ಮಾತಿನವರು. ಮೂವರಿಗೂ ಕಾಗದದ ಲೋಟದಲ್ಲಿ ಚಹಾ ಬಂತು. ಅಧ್ಯಕ್ಷರಿಗೆ ಪಿಂಗಾಣಿ ಕಪ್ಪು. ರುಕೈಯಾಳಿಗೆಂದು ಬೇರೆ ಲೋಟ ಕೊಡಲಿಲ್ಲ, ಮೂವರಿಗೂ ಒಂದೇ ಥರದ್ದು ಕೊಟ್ಟರು. ಇಷ್ಟರ ಮಟ್ಟಿಗೆ ಸಮಾನತೆ ಬಂದಿದೆ.

“ಬಾಡಿಗೇನಾ?” ಎಂದರು ಅಧ್ಯಕ್ಷರು. “ಅಲ್ಲಾ ಗಿರಿಜಮ್ಮ, ನೆರೆ ಬಂದಾಗ ಬಳಗದಿಂದ ಟ್ರಕ್ ಕಳಿಸಿದ್ವಲ್ಲ. ಈಗ ನೆರೆ ಎಲ್ಲಿದೆ?”

“ಹೊಳಿ ನೀರು ಹೋತ್ರಿ ಸಾಹೇಬ್ರ. ಮನ್ಯಾಗಿನ ಹಸಿ ಹೋಗಿಲ್ರಿ.”

“ಅದು ಸರಿ. ಆದ್ರೆ ಬಾಡಿಗೆ ಅಂತ ಕೊಟ್ರೆ ಸದಸ್ಯರಿಗೆ ಏನು ತೋರಿಸೋದು ಹೇಳಿ? ಒಂದು ಬೋರ್ವೆಲ್ಲು, ಒಂದು ಆಂಬುಲೆನ್ಸು ಆಗಿದ್ರೆ ಬಳಗದ ಹೆಸರು ಬರೆಸಬಹುದು. ಬಾಡಿಗೆ ಮೇಲೆ ಹೆಸರು ಬರೆಸೋಕಾಗುತ್ತಾ?”

“ಹೆಸರು ಬ್ಯಾಡ್ರಿ. ಕೋಲಿ ಉಳದ್ರ ಸಾಕ್ರಿ.”

“ನೋಡೋಣ. ಕಮಿಟಿಯಲ್ಲಿ ಇಡ್ತೀನಿ.”

ಕಮಿಟಿಯಲ್ಲಿ ಇಟ್ಟರು. ಇಟ್ಟದ್ದು ಬಾಡಿಗೆಯನ್ನಲ್ಲ, ಗಿರಿಜಮ್ಮನನ್ನು. ರಾಜ್ಯೋತ್ಸವ ಹತ್ತಿರ ಬಂದಿತ್ತು, ಸನ್ಮಾನಕ್ಕೆ ಜನ ಬೇಕಾಗಿತ್ತು. ಕನ್ನಡಿಗರು ನಾಲ್ಕು ಜನ ಸೇರಿದ ಕಡೆ ಸನ್ಮಾನವಿಲ್ಲದೆ ದೀಪ ಹಚ್ಚುವುದಿಲ್ಲವಲ್ಲ. ನಮಗೆ ಒಂದು ಕೆಲಸ ಕಂಡರೆ ಅದಕ್ಕೆ ಹೆಗಲು ಕೊಡಬೇಕು ಅನ್ನಿಸುವುದಿಲ್ಲ, ಹೆಗಲಿಗೆ ಶಾಲು ಹೊದಿಸಬೇಕು ಅನ್ನಿಸುತ್ತದೆ. ಶಾಲು, ಹಾರ, ಪೇಟ, ಫಲಕ, ಹಣ್ಣಿನ ಬುಟ್ಟಿ, ಐದೂ ಒಪ್ಪಿಸಿ ಕೈ ತೊಳೆದುಕೊಂಡರೆ ಆ ಕೆಲಸದ ಋಣ ತೀರಿತು. ಬಯ್ದು ಕಳಿಸಿದ್ದರೆ ಗಿರಿಜಮ್ಮ ಇನ್ನೊಂದು ಬಾಗಿಲು ತಟ್ಟುತ್ತಿದ್ದಳು. ಗೌರವಿಸಿ ಕಳಿಸಿದರು.

ಬಳಗದ ಕಾರ್ಯದರ್ಶಿ ಭೀಮಸೇನ ಫೋನು ಮಾಡಿದ. ವಿಮಾ ಕಚೇರಿಯವನು, ಧಾರವಾಡದವನು.

“ಗಿರಿಜವ್ವಾ, ಸಿಹಿ ಸುದ್ದಿ. ರಾಜ್ಯೋತ್ಸವದಾಗ ನಿಮಗ ಸನ್ಮಾನ!”

“ನನಗ್ಯಾಕ್ರೀ ಅಣ್ಣಾರ? ಕೋಲಿ ಬಾಡಿಗಿ ಏನಾತು?”

“ಅದೂ ಆಗ್ತದ ತಡೀರಿ. ಅಹಮದಾಬಾದಿನಿಂದ ಪಾಂಡುರಂಗ ಅವರು ಬರ್ತಾರ, ಮುಖ್ಯ ಅತಿಥಿ. ವಟ್ವಾದಾಗ ಬಣ್ಣದ ಫ್ಯಾಕ್ಟರಿ ಐತಿ ಅವ್ರದು. ವೇದಿಕಿ ಮ್ಯಾಲ ನಿಮ್ಮನ್ನ ನೋಡಿದ್ರ ಮನಸ್ಸು ಕರಗಿ ಅಲ್ಲೇ ಘೋಷಣಾ ಮಾಡ್ತಾರ.”

“ಹಂಗಾರ ಮೂವರು ಬರ್ತೇವ್ರಿ. ಮೂರು ಕುರ್ಚಿ ಹಾಕ್ಸ್ರಿ.”

“ಏ, ಹೆಂಗ ಆಗ್ತದವ್ವಾ? ಅವರಿಬ್ಬರು ಕನ್ನಡದವರಲ್ಲ. ವೇದಿಕಿ ಮ್ಯಾಲ ಜಾಗಾನೂ ಇಲ್ಲ. ಮೂರ ಮಂದಿಗೆ ಪೇಟಾ ಎಲ್ಲಿಂದ ತರೂದು? ನೀವೊಬ್ರ ಬರ್ರಿ. ಹಾಂ, ರೊಟ್ಟಿ ಆರ್ಡರೂ ನಿಮ್ದ, ಮುಂಜಾನೆ ಲಗೂ ಬರ್ರಿ.”

ಆಕೆ ಹೋಗಬಾರದಿತ್ತು. ಹೋದಳು. ಕೋಣೆಗಾಗಿ ಹೋದಳು, ಅದು ನಿಜ. ಆದರೆ ಜೀವಮಾನವೆಲ್ಲ ಹಿಂಬಾಗಿಲಿನಿಂದ ಓಡಾಡಿದವಳಿಗೆ ಒಂದು ಕುರ್ಚಿಯ ಆಸೆ ಇರಲಿಲ್ಲ ಎಂದು ನಾನು ಹೇಳಲಾರೆ. ಅದನ್ನು ಪ್ರಶ್ನಿಸುವ ಹಕ್ಕು ಆ ಕುರ್ಚಿಗಳಲ್ಲಿ ದಿನವೂ ಕೂರುವವರಿಗಂತೂ ಇಲ್ಲ. ಜಶೀಬೆನ್‌ಗೆ “ರೊಟ್ಟಿ ಬಡಿಯೋಕೆ ಹೋಗ್ತಿದ್ದೀನಿ” ಎಂದು ಹೇಳಿ ಹೊರಟಳು. ಸುಳ್ಳೂ ಅಲ್ಲ. ಮುಂಜಾನೆಯಿಂದ ರೊಟ್ಟಿ ಬಡಿದು, ಹೆಸರು ಕೂಗಿದಾಗ ಸೆರಗಿಗೆ ಕೈ ಒರೆಸಿಕೊಂಡು ವೇದಿಕೆ ಹತ್ತಿದಳು.

ಅಧ್ಯಕ್ಷರು ಪರಿಚಯಿಸಿದರು. ಕುತ್ತಿಗೆಮಟ್ಟದ ನೀರಿಗಿಳಿದವಳು ಗಿರಿಜಮ್ಮ. ಹಗ್ಗ ಕಟ್ಟಿದವಳು ಗಿರಿಜಮ್ಮ. ಮೊಸಳೆಗೆ ಹೆದರದವಳು ಗಿರಿಜಮ್ಮ. ಆಕೆ “ನಾನಲ್ರಿ, ಜಶೀಬೆನ್…” ಎಂದು ಬಾಯಿ ತೆರೆದಳು. ಮೈಕು ಅಧ್ಯಕ್ಷರ ಕೈಯಲ್ಲಿತ್ತು. “ನೋಡಿ ಎಂಥ ವಿನಯ!” ಎಂದರು. ಚಪ್ಪಾಳೆ.

ಪಾಂಡುರಂಗರ ಮನಸ್ಸು ನಿಜವಾಗಿಯೂ ಕರಗಿತು. “ಇಂಥ ತಾಯಂದಿರು ಇರುವಾಗ ಯಾರ ನೆರವೂ ಬೇಕಾಗಿಲ್ಲ” ಎಂದರು. ಆಮೇಲೆ ಘೋಷಣೆಯನ್ನೂ ಮಾಡಿದರು: ಪ್ರಕೃತಿ ವಿಕೋಪದ ಹೊತ್ತಿನಲ್ಲಿ ಉಪಯೋಗಕ್ಕೆ ಬರಲೆಂದು ಬಳಗದ ಭವನಕ್ಕೆ ಒಂದು ದೊಡ್ಡ ಜನರೇಟರು. ಭವನ ಇರುವುದು ಹೊಳೆಯ ನೀರು ಯಾವತ್ತೂ ಮುಟ್ಟದ ಎತ್ತರದ ಬಡಾವಣೆಯಲ್ಲಿ. ಗಿರಿಜಮ್ಮ ಪೇಟವನ್ನು ಹುಬ್ಬಿನಿಂದ ಮೇಲಕ್ಕೆ ತಳ್ಳುತ್ತ, ಕೋಣೆಯ ಮಾತು ಈಗ ಬಂದೀತು, ಈಗ ಬಂದೀತು ಎಂದು ಕಾದು ಕೂತಳು. ವಂದನಾರ್ಪಣೆ ಬಂತು.

ಇಳಿದು ಬಂದವಳು ಮತ್ತೆ ಅಡುಗೆಮನೆಗೆ ಹೋದಳು. ಎರಡನೆಯ ಪಂಕ್ತಿಗೆ ರೊಟ್ಟಿ ಸಾಲದಾಗಿತ್ತು. ಹಾರವನ್ನೂ ಹಣ್ಣಿನ ಬುಟ್ಟಿಯನ್ನೂ ಪಾತ್ರೆ ತೊಳೆಯುವವರಿಗೆ ಕೊಟ್ಟು, ಶಾಲು, ಪೇಟ, ಫಲಕವನ್ನು ಹಿಟ್ಟಿನ ಚೀಲದಲ್ಲಿ ಹಾಕಿ ಮನೆಗೆ ಒಯ್ದು ಟ್ರಂಕಿನ ತಳದಲ್ಲಿಟ್ಟಳು. ಕಟ್ಟೆಯ ಮೇಲೆ ಇಡಲಿಲ್ಲ.

ಟ್ರಂಕಿನಲ್ಲಿಟ್ಟರೇನು? ಭೀಮಸೇನ ಪತ್ರಿಕಾ ಹೇಳಿಕೆ ಕಳಿಸಿದ್ದ. ಎಲ್ಲರಿಗೂ ಮುಟ್ಟಲಿ ಎಂಬ ಒಳ್ಳೆಯ ಮನಸ್ಸಿನಿಂದ ಗುಜರಾತಿಯಲ್ಲೂ ಬರೆಸಿದ್ದ. ಫೋಟೊ ಸಮೇತ ಬಂತು. ಗಿರಣಿಯ ಕಾಂತಿಕಾಕಾ ಅದನ್ನು ಕತ್ತರಿಸಿ, ಹಿಟ್ಟು ಹಚ್ಚಿ ಗಿರಣಿಯ ಗೋಡೆಗೆ ಅಂಟಿಸಿದ. ಹಿಟ್ಟು ಬೀಸಿಸಲು ಬಂದ ಹೆಂಗಸರೆಲ್ಲ ಓದಿದರು, ಓದು ಬಾರದವರು ಓದಿಸಿಕೊಂಡರು.

ಜಶೀಬೆನ್ ಮಹಡಿಯ ಕೋಣೆಗೆ ಬಂದು ಮಷೀನಿನ ಎದುರು ಕೂತಳು. ದಾರ ಪೋಣಿಸುತ್ತಲೇ ಹೇಳಿದಳು: “ಗಿರ್ಜಾಬೆನ್, ಆವತ್ತು ಹಗ್ಗ ಹಿಡಿದು ನೀರಿಗಿಳಿದವಳು ನೀನಂತೆ. ನನಗೆ ಗೊತ್ತೇ ಇರಲಿಲ್ಲ ನೋಡು. ನೀನು ಕಿಟಕಿಯಲ್ಲಿ ನಿಂತು ನನಗೆ ಬಯ್ತಾ ಇದ್ದೆ ಅಂದ್ಕೊಂಡಿದ್ದೆ.”

“ನಾನು ಹಾಗೆ ಹೇಳಲಿಲ್ಲ ಜಶೀ. ಅವರು ಹೇಳಿದರು.”

“ಅವರು ಹೇಳುವಾಗ ನೀನೆಲ್ಲಿದ್ದೆ? ರೊಟ್ಟಿ ಬಡೀತಿದ್ದೆಯಾ?”

ರುಕೈಯಾ ಜಗಳ ಆಡಲಿಲ್ಲ. ಅದು ಇನ್ನೂ ಕೆಟ್ಟದಾಗಿತ್ತು. “ತಾಡಪಾಲಿಗೆ ನಮ್ಮಿಬ್ಬರನ್ನು ಕಟ್ಟೆಯ ಮೇಲೆ ಕೂರಿಸಿದವಳು ನೀನೇ ಅಲ್ವಾ, ಬೆನ್?” ಎಂದಷ್ಟೇ ಕೇಳಿ, ತನ್ನ ಪಾಳಿ ಮುಗಿಯುವ ಮೊದಲೇ ಎದ್ದು ಹೋದಳು.

ಮುಂದಿನದನ್ನು ಯಾರು ಬೇಕಾದರೂ ಊಹಿಸಬಹುದು, ನಮ್ಮ ಬಳಗದವರ ಹೊರತು. ವಾರದ ಬಾಡಿಗೆ ಕೇಳಲು ಹೋದರೆ ಮನೆಮನೆಯಲ್ಲೂ ಒಂದೇ ಉತ್ತರ: “ನಿನ್ನ ಹಿಂದೆ ಸೇಠ್ ಜನ ಇದ್ದಾರಲ್ಲ, ನಮ್ಮದೇಕೆ?” ಶಾಲಿನ ಒಳಗೆ ಲಕೋಟೆಯೂ ಇತ್ತು ಎಂದು ಸುದ್ದಿ ಹಬ್ಬಿತು. ಇರಲಿಲ್ಲ. ಇರಲಿಲ್ಲವೆಂದು ಹೇಗೆ ತೋರಿಸುವುದು? ಮೂವರು ಹೋಗಿದ್ದರೆ ಉಳಿದಿಬ್ಬರು ಸಾಕ್ಷಿ ಹೇಳುತ್ತಿದ್ದರು. ಕಟ್ಟಳೆ ಮಾಡಿದ್ದೇ ಅದಕ್ಕಾಗಿ. ಕಾಂತಿಕಾಕಾ ವಯರು ಕಿತ್ತುಕೊಂಡ. ಮಹೇಂದ್ರಭಾಯಿಯೂ ಪತ್ರಿಕೆ ಓದುವವನೇ. “ಇಷ್ಟು ದೊಡ್ಡ ಸಂಸ್ಥೆ ಬೆನ್ನಿಗಿದೆ, ಹಳೆಯ ಬಾಡಿಗೆ ಯಾಕೆ?” ಎಂದು ಏರಿಸಿದ.

ಗಿರಿಜಮ್ಮ ಅಧ್ಯಕ್ಷರ ಮನೆಗೆ ಓಡಿದಳು. ಈ ಸಲವೂ ಒಬ್ಬಳೇ. ಜೊತೆಗೆ ಬರುವವರು ಯಾರೂ ಉಳಿದಿರಲಿಲ್ಲ.

“ನಿಮ್ಮ ಗುಂಪು ರಿಜಿಸ್ಟರ್ ಆಗಿದೆಯಾ ಅಮ್ಮ?” ಎಂದರು ಸುಬ್ರಹ್ಮಣ್ಯ. “ಆಡಿಟ್ ಇದೆಯಾ? ಸಾರ್ವಜನಿಕರ ದುಡ್ಡು, ಸುಮ್ಮನೆ ಕೊಡೋಕಾಗಲ್ಲ. ನೋಡಿ, ಬಳಗ ನಿಮಗೆ ಎಷ್ಟು ದೊಡ್ಡ ಗೌರವ ಕೊಟ್ಟಿದೆ. ಇನ್ನೂ ಬಾಡಿಗೆ ಬಾಡಿಗೆ ಅಂತೀರಲ್ಲ, ಚೆನ್ನಾಗಿರುತ್ತಾ?”

ಪೇಟಕ್ಕೆ ಆಡಿಟ್ ಬೇಕಾಗಿರಲಿಲ್ಲ. ಜನರೇಟರಿಗೂ ಬೇಕಾಗಿರಲಿಲ್ಲ. ಹೆಂಗಸರು ಪಾಳಿಯ ಮೇಲೆ ಕೂತು ಹೊಲಿಯುವ ಒಂದು ಕೋಣೆಗೆ ಮಾತ್ರ ಲೆಕ್ಕಪರಿಶೋಧಕರು ಬೇಕು.

ಹೋಳಿಯ ಹೊತ್ತಿಗೆ ಮಹೇಂದ್ರಭಾಯಿ ಕೋಣೆಯನ್ನು ಮೊಬೈಲ್ ಕವರ್ ವ್ಯಾಪಾರಿಯೊಬ್ಬನಿಗೆ ಗೋದಾಮಾಗಿ ಕೊಟ್ಟ. ಮಷೀನುಗಳನ್ನು ಮೆಟ್ಟಿಲಿನಿಂದ ಇಳಿಸಬೇಕಾಯಿತು. ಯಾರ ಮನೆಯಲ್ಲೂ ಜಾಗವಿಲ್ಲ ಎಂದರು. ಗಿರಿಜಮ್ಮನ ಮನೆಯಲ್ಲಿ ಇರಿಸಿದರು. ಹಗ್ಗವನ್ನು ಒಬ್ಬರು, ಟ್ಯೂಬುಗಳನ್ನು ಒಬ್ಬರು, ಪಾತೆಲಿಯನ್ನು ಇನ್ನೊಬ್ಬರು ಒಯ್ದರು. ಎಲ್ಲರೂ ನೆಲದ ಮೇಲಿನ ಮನೆಯವರೇ.

ಆವತ್ತು ಸಂಜೆ ಗಿರಿಜಮ್ಮ ಟ್ರಂಕು ತೆರೆದಳು. ಶಾಲು, ಪೇಟ, ಫಲಕ ಮೂರನ್ನೂ ತಂದು ಬೇವಿನ ಕಟ್ಟೆಯ ಮೇಲಿಟ್ಟು, ಪಕ್ಕದಲ್ಲಿ ನಿಂತಳು. ಒಬ್ಬೊಬ್ಬರಾಗಿ ಬಾಗಿಲಿಗೆ ಬಂದು ನೋಡಿದರು. ಕೊನೆಗೆ ಜಶೀಬೆನ್ ಬಂದಳು. ಪೇಟ ಎತ್ತಿ ತಿರುಗಿಸಿ ನೋಡಿದಳು. ಒಳಗೆ ಬೆರಳು ಹಾಕಿದಳು.

“ಒಳಗೆ ರಟ್ಟು” ಎಂದಳು. “ನಾನು ಪೂರ್ತಿ ಜರಿ ಬಟ್ಟೆ ಅಂದ್ಕೊಂಡಿದ್ದೆ.”

“ಲಕೋಟೆ ಇರಲಿಲ್ಲ ಜಶೀ.”

“ಗೊತ್ತು. ಇದ್ದಿದ್ದರೆ ನೀನು ಬಾಡಿಗೆ ಕಟ್ಟಿರ್ತಿದ್ದೆ. ಆದರೆ ಇದನ್ನು ತಂದ ದಿನವೇ ಇಲ್ಲಿ ಇಡಬೇಕಿತ್ತು.”

“ಹೌದು.”

ರುಕೈಯಾ ಶಾಲಿನ ಅಂಚು ಉಜ್ಜಿ ನೋಡಿ, “ಹಂಚೋಕೂ ಬರೋಲ್ಲ. ಇಡೋಣವೆಂದರೆ ಕೋಣೆಯೂ ಇಲ್ಲ. ಹಾಗಾದರೆ ವಾಪಸ್” ಎಂದಳು.

ಮರುದಿನ ಮೂವರೂ ಹೋದರು. ಸುಬ್ರಹ್ಮಣ್ಯ ಬಾಗಿಲಲ್ಲೇ ನಿಂತು ಚೀಲದೊಳಗೆ ಇಣುಕಿ ನೋಡಿದರು. ಮೃದು ಮಾತು ಸ್ವಲ್ಪ ಗಟ್ಟಿಯಾಯಿತು.

“ಕೊಟ್ಟ ಸನ್ಮಾನ ಹಿಂದಕ್ಕೆ ತಗೊಳ್ಳೋ ಪದ್ಧತಿ ನಮ್ಮಲ್ಲಿಲ್ಲ ಅಮ್ಮ. ಇದು ಕನ್ನಡಕ್ಕೆ ಮಾಡೋ ಅವಮಾನ.”

“ಒಬ್ಬಾಕಿ ತಗೊಳ್ಳೋ ಪದ್ಧತಿ ನಮ್ಮೊಳಗ ಇಲ್ರಿ” ಎಂದಳು ಗಿರಿಜಮ್ಮ. “ನಾ ತಪ್ಪು ಮಾಡೇನಿ, ತಗೊಂಡೇನಿ. ನೀವು ತಪ್ಪು ಮಾಡೀರಿ, ಕೊಟ್ಟೀರಿ. ನಂದು ನಾ ತಿದ್ದಿಕೊಳ್ಳಾಕ ಬಂದೇನ್ರಿ.”

ಅವರು ಕೈ ಚಾಚಲಿಲ್ಲ. ಚೀಲವನ್ನು ಚಪ್ಪಲಿ ಸ್ಟ್ಯಾಂಡಿನ ಮೇಲಿಟ್ಟು ಮೂವರೂ ಮೆಟ್ಟಿಲಿಳಿದರು.

“ಏನಂದ ಆ ಮುದುಕ?” ಎಂದು ಕೇಳಿದಳು ಜಶೀಬೆನ್.

“ಅವಮಾನ ಆಯ್ತಂತೆ.”

“ಯಾರಿಗೆ?”

“ಭಾಷೆಗೆ.”

ಜಶೀಬೆನ್ ನಕ್ಕಳು. ಬಹಳ ದಿನದ ಮೇಲೆ ನಕ್ಕದ್ದು. ಆದರೆ ಕೋಣೆ ಬರಲಿಲ್ಲ. ಇಲ್ಲಿಗೆ ಎಲ್ಲ ಸರಿಹೋಯಿತು ಎಂದು ಬರೆದರೆ ನಾನೂ ಆ ಫೋಟೊದ ಕೆಳಗಿನ ಸಾಲು ಬರೆದವರ ಜಾತಿಗೇ ಸೇರುತ್ತೇನೆ. ಸ್ನೇಹ ಅರ್ಧ ಮರಳಿತು. ಓಣಿಯ ಉಳಿದ ಮನೆಗಳ ನಂಬಿಕೆ ಮರಳಲಿಲ್ಲ. ಮೊಬೈಲ್ ಕವರಿನ ವ್ಯಾಪಾರಿ ಕರಾರು ಬರೆಸಿಕೊಂಡಿದ್ದಾನೆ. ಈಗ ಮಹಡಿಯಲ್ಲಿ ಪ್ಲಾಸ್ಟಿಕ್ ಕವರುಗಳು ಬೆಚ್ಚಗೆ ಒಣಗಿ ಕೂತಿವೆ.

ಭವನದಲ್ಲಿ ಫೋಟೊ ಹಾಗೇ ಇದೆ. ಬಸವ ಜಯಂತಿಗೆ ಭೀಮಸೇನ ಮತ್ತೆ ಫೋನು ಮಾಡಿದ, ರೊಟ್ಟಿಗೆ. ಗಿರಿಜಮ್ಮ ಹೋದಳು. ಹೋಗದೆ ಏನು ತಿನ್ನಬೇಕು? ಹಿಂಬಾಗಿಲಿನಿಂದ ಹೋಗಿ, ಬಡಿದು, ಹಿಂಬಾಗಿಲಿನಿಂದ ಬಂದಳು. ಒಳಗೆ ಹೊಸ ಜನರೇಟರನ್ನು ಒಮ್ಮೆ ನಡೆಸಿ ತೋರಿಸಿದರಂತೆ, ಅಡುಗೆಮನೆಯವರೆಗೂ ಸದ್ದು ಕೇಳಿಸಿತು.

ಮೊನ್ನೆ ಬಟ್ಟೆ ವ್ಯಾಪಾರಿಯ ಗುಮಾಸ್ತ ಬಂದಿದ್ದ. ನವರಾತ್ರಿಯ ಕೆಲಸ ಹಂಚುವ ಕಾಲ. ಮಷೀನುಗಳನ್ನು ಗಿರಿಜಮ್ಮ ಮಂಚದ ಮೇಲೆ ಏರಿಸಿಟ್ಟಿದ್ದಾಳೆ. ಮಂಚದ ಕಾಲುಗಳಿಗೆ ಇಟ್ಟಿಗೆ ಜೋಡಿಸಿದ್ದಾಳೆ. ಇಟ್ಟಿಗೆ ತಂದುಕೊಟ್ಟವಳು ಜಶೀಬೆನ್. ಗುಮಾಸ್ತ ಹೊಸ್ತಿಲು ದಾಟಲಿಲ್ಲ. ಮಷೀನು ನೋಡಿದ. ಆಮೇಲೆ ಗೋಡೆ ನೋಡಿದ. ಆ ವರ್ಷದ ನೀರಿನ ಗೆರೆ ಇನ್ನೂ ಅಲ್ಲಿದೆ. ಸುಣ್ಣ ಹೊಡೆದಷ್ಟೂ ಮತ್ತೆ ಎದ್ದು ಕಾಣುತ್ತದೆ. ಗೆರೆ ಮಷೀನಿನ ಚಕ್ರಕ್ಕಿಂತ ಬಹಳ ಮೇಲಿತ್ತು.

“ಮಹಡಿ?” ಎಂದ.

“ಹೋಯ್ತು” ಎಂದಳು ರುಕೈಯಾ.

ಅವನು ರಿಕ್ಷಾದಿಂದ ಬಟ್ಟೆಯ ಗಂಟನ್ನು ಇಳಿಸಲೇ ಇಲ್ಲ. ಮೂವರೂ ಬಾಗಿಲಲ್ಲಿ ನಿಂತು ರಿಕ್ಷಾ ಓಣಿ ದಾಟುವುದನ್ನು ನೋಡಿದರು. ಹೊಳೆಯ ಕಡೆ ಮೋಡ ಕಟ್ಟುತ್ತಿತ್ತು. “ಇನ್ನೊಂದು ಸಾಲು ಇಟ್ಟಿಗೆ ಹಾಕೋಣವಾ?” ಎಂದು ಕೇಳಿದಳು ಜಶೀಬೆನ್. ಗಿರಿಜಮ್ಮ ಹೂಂ ಎಂದು ತಲೆಯಾಡಿಸಿದಳು. ಮಂಚದ ಮೇಲೆ ಮಷೀನುಗಳಿರುವುದರಿಂದ ಆಕೆ ಈಗ ನೆಲದ ಮೇಲೆ ಮಲಗುತ್ತಾಳೆ.